ತಮ್ಮ ಕುಡಿಯೋದು ಬಿಡ್ತಾನಂತೆ, ಅಕ್ಕ ಏನು ಮಾಡಬೇಕು?

ಪ್ರಶ್ನೆ: ನನ್ನ ತಮ್ಮನಿಗೆ 36 ವರ್ಷ. ಹತ್ತು ವರ್ಷದಿಂದ ಕುಡಿಯುತ್ತಿದ್ದಾನೆ, ಈಚಿನ ಮೂರು ವರ್ಷದಿಂದ ದಿನಾ. ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ ಅಂತ ಆಗಲೇ ಸ್ವಲ್ಪ ಹಾಕಿಕೊಳ್ಳುತ್ತಾನೆ. ಹೋದ ವರ್ಷ ಹಠ ಹಿಡಿದು ನಿಲ್ಲಿಸಿದ್ದ. ಎರಡನೇ ದಿನ ಫಿಟ್ಸ್ ಬಂತು, ಹೆದರಿಕೊಂಡು ಮತ್ತೆ ಶುರು ಮಾಡಿದ. ಈಗ ತಾನಾಗಿಯೇ "ಅಕ್ಕ, ಒಂದನೇ ತಾರೀಖಿಂದ ಬಿಡ್ತೀನಿ, ನೀನು ಜೊತೆಗಿರು" ಅಂದಿದ್ದಾನೆ. ಅವನಿರುವುದು ಅಪ್ಪ ಅಮ್ಮನ ಜೊತೆ, ನಾನು ಹತ್ತಿರದಲ್ಲೇ ಇದ್ದೇನೆ. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಮಾತ್ರೆ ಇದೆಯಂತೆ, ಅದನ್ನು ತರಿಸೋಣ ಎಂದು ಅಮ್ಮ ಹೇಳುತ್ತಿದ್ದಾರೆ. ಅಪ್ಪ ಅವನ ಜೊತೆ ಮಾತೇ ಬಿಟ್ಟಿದ್ದಾರೆ. ಎರಡು ಸಲ ಅವನ ಸಾಲ ನಾನೇ ತೀರಿಸಿದೆ. ಅವನ ಬ್ಯಾಗು, ಗಾಡಿ ಡಿಕ್ಕಿ ಹುಡುಕೋದೇ ನನಗೊಂದು ಕೆಲಸವಾಗಿದೆ. ಏನು ಮಾಡಲಿ, ಏನು ಬಿಡಲಿ?

ಉತ್ತರ: ಒಂದನೇ ತಾರೀಖಿಗೆ ಕಾಯಬೇಡಿ. ಅದಕ್ಕೂ ಮೊದಲೇ ತಮ್ಮನನ್ನು ಮನೋವೈದ್ಯರ ಹತ್ತಿರವೋ, ಡಿ-ಅಡಿಕ್ಷನ್ ವಿಭಾಗ ಇರುವ ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಇನ್ನೊಂದು ಮಾತು, ಕೇಳಿದರೆ ವಿಚಿತ್ರ ಅನಿಸಬಹುದು: ಡಾಕ್ಟರ್ ನೋಡುವವರೆಗೆ ಅವರು ಏಕಾಏಕಿ ನಿಲ್ಲಿಸುವುದು ಬೇಡ. ನೀವು ಬಾಟಲಿ ಬಚ್ಚಿಡುವುದು, ಸಿಂಕಿಗೆ ಸುರಿಯುವುದು, ರೂಮಿಗೆ ಹಾಕಿ ಬೀಗ ಜಡಿಯುವುದು, ಇದ್ಯಾವುದೂ ಬೇಡ. ಬೆಳಿಗ್ಗೆ ಕೈ ನಡುಗಿ, ಆ ನಡುಕ ನಿಲ್ಲಿಸುವುದಕ್ಕೇ ಕುಡಿಯಬೇಕಾಗಿದೆ ಅಂದರೆ ದೇಹ ಮದ್ಯಕ್ಕೆ ಪೂರ್ತಿ ಒಗ್ಗಿಹೋಗಿದೆ. ಅದರ ಮೇಲೆ ಫಿಟ್ಸ್ ಬೇರೆ ಬಂದಿದೆ. ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಸಾಲದ್ದಕ್ಕೆ, ಹೀಗೆ ಬಿಡುವುದು, ಶುರು ಮಾಡುವುದು, ಮತ್ತೆ ಬಿಡುವುದು ನಡೆದಷ್ಟೂ ಮುಂದಿನ ಸಲದ ತೊಂದರೆ ಜೋರಾಗುತ್ತಾ ಹೋಗಬಹುದು. "ಮನಸ್ಸು ಗಟ್ಟಿ ಮಾಡಿದರೆ ಆಯ್ತು" ಎಂದು ಮನೆಯಲ್ಲಿ ಯಾರಾದರೂ ಹೇಳುತ್ತಿದ್ದರೆ ದಯವಿಟ್ಟು ಆ ಮಾತು ನಿಲ್ಲಿಸಿ. ಮನಸ್ಸು ಗಟ್ಟಿ ಮಾಡಿಯೇ ಅವರು ಹೋದ ವರ್ಷ ನಿಲ್ಲಿಸಿದ್ದು, ಅಲ್ವಾ?

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಮದ್ಯ ಮೆದುಳನ್ನು ಮಂಕು ಮಾಡುವ ವಸ್ತು. ವರ್ಷಗಟ್ಟಲೆ ದಿನಾ ಕುಡಿದಾಗ ಮೆದುಳು ಆ ಮಂಕಿನ ವಿರುದ್ಧ ತನ್ನ ಚುರುಕನ್ನು ಏರಿಸಿಕೊಂಡೇ ಕೆಲಸ ಮಾಡುವುದನ್ನು ಕಲಿತಿರುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಥಟ್ಟನೆ ಹಗ್ಗ ಬಿಟ್ಟರೆ ಇನ್ನೊಂದು ಕಡೆಯವರು ಧೊಪ್ಪನೆ ಹಿಂದಕ್ಕೆ ಬೀಳುತ್ತಾರಲ್ಲ, ಮದ್ಯ ಹಠಾತ್ತಾಗಿ ನಿಂತಾಗ ಆಗುವುದು ಅದೇ. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ, ಎದೆ ಡವಡವ, ನಿದ್ದೆ ಇಲ್ಲದಿರುವುದು ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಯಲ್ಲಿ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಡಿಲೀರಿಯಂ ಟ್ರೆಮೆನ್ಸ್ ಆಗುತ್ತದೆ, ಆಸ್ಪತ್ರೆಯಲ್ಲಿ ಚಿಕ್ಕದಾಗಿ ಡಿಟಿ ಎನ್ನುತ್ತಾರೆ. ಇಲ್ಲದ ಹುಳ, ಇಲ್ಲದ ಜನ ಕಾಣಿಸುವುದು, ಇವತ್ತು ಯಾವ ದಿನ, ತಾನೆಲ್ಲಿದ್ದೇನೆ ಎಂಬುದೇ ಗೊತ್ತಾಗದಿರುವುದು, ಜ್ವರ, ಮೈಯೆಲ್ಲ ನಡುಕ. ಇದರಲ್ಲಿ ಜೀವ ಹೋಗಬಹುದು. ಸುಮ್ನೆ ಹೆದರಿಸುತ್ತಿಲ್ಲ, ಸರಿಯಾದ ಚಿಕಿತ್ಸೆ ಸಿಕ್ಕಿದರೆ ಇದನ್ನು ಬಹಳಮಟ್ಟಿಗೆ ತಡೆಯಬಹುದು ಎಂಬ ಕಾರಣಕ್ಕೇ ಹೇಳುತ್ತಿದ್ದೇನೆ.

ಆ ಚಿಕಿತ್ಸೆ ದೊಡ್ಡ ರಹಸ್ಯವೇನಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಥರದ ಮಾತ್ರೆಗಳನ್ನು ಮೊದಲ ದಿನಗಳಲ್ಲಿ ಸಾಕಷ್ಟು ಕೊಟ್ಟು, ಆಮೇಲೆ ದಿನದಿನಕ್ಕೂ ಕಮ್ಮಿ ಮಾಡುತ್ತಾ, ಹೆಚ್ಚು ಕಡಿಮೆ ಒಂದು ವಾರದಲ್ಲಿ ನಿಲ್ಲಿಸುತ್ತಾರೆ. ಲಿವರ್ ಹಾಳಾಗಿದ್ದರೆ ಲೊರಾಜೆಪಾಮ್ ಕೊಡುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ವಿಟಮಿನ್ ಬಿ1, ಎಷ್ಟೋ ಸಲ ಇಂಜೆಕ್ಷನ್ ಮೂಲಕವೇ. ದಿನಾ ಕುಡಿಯುವವರಲ್ಲಿ ಇದು ತೀರಾ ಕಮ್ಮಿಯಾಗಿರುತ್ತದೆ. ಅದನ್ನು ಕಡೆಗಣಿಸಿದರೆ ಕಣ್ಣಿನ ಚಲನೆ ಕೆಟ್ಟು, ನಡಿಗೆ ತಪ್ಪಿ, ಗೊಂದಲ ಹಿಡಿದು, ಕೊನೆಗೆ ನೆನಪಿನ ಶಕ್ತಿಯೇ ಶಾಶ್ವತವಾಗಿ ಹೋಗುವ ಸಾಧ್ಯತೆ ಇದೆ. ಫಿಟ್ಸ್ ಬಂದ ಇತಿಹಾಸ ಇರುವುದರಿಂದ ನಿಮ್ಮ ತಮ್ಮನನ್ನು ಅಡ್ಮಿಟ್ ಮಾಡಿಕೊಳ್ಳೋಣ ಎಂದು ಡಾಕ್ಟರ್ ಹೇಳಬಹುದು. ಹೇಳಿದರೆ ಒಪ್ಪಿಕೊಳ್ಳಿ, "ಮನೆಯಲ್ಲೇ ನೋಡಿಕೊಳ್ತೀವಿ" ಎಂದು ಚೌಕಾಸಿ ಮಾಡಬೇಡಿ. ಮಾತ್ರೆ ಕೊಟ್ಟು ಮನೆಗೇ ಕಳಿಸಿದರೆ ಸ್ಟ್ರಿಪ್ ನಿಮ್ಮ ಕೈಯಲ್ಲಿರಲಿ, ಆಯಾ ಹೊತ್ತಿನದನ್ನು ಮಾತ್ರ ಕೊಡಿ. ಈ ಮಾತ್ರೆಗಳ ಮೇಲೆ ಕುಡಿದರೆ ಉಸಿರಾಟಕ್ಕೇ ತೊಂದರೆಯಾಗುತ್ತದೆ. ಹೋದ ಸಲ ಉಳಿದ ಮಾತ್ರೆ, ಪಕ್ಕದ ಮನೆಯವರಿಗೆ ಬರೆದುಕೊಟ್ಟ ಮಾತ್ರೆ ಅಂತ ಕೊಡಲೇಬೇಡಿ.

ಮನೆಯಲ್ಲಿರುವಾಗ ಫಿಟ್ಸ್ ಬಂದರೆ, ಇಲ್ಲದ್ದು ಕಾಣಿಸತೊಡಗಿದರೆ, ಮಾತು ತೊದಲಿ ಗೊಂದಲವಾದರೆ, ವಾಂತಿ ನಿಲ್ಲದಿದ್ದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ, ಸಾಯುವ ಮಾತಾಡಿದರೆ, ಬೆಳಗಾಗಲಿ ಎಂದು ಕಾಯದೆ ತಕ್ಷಣ ಎಮರ್ಜೆನ್ಸಿಗೆ ಹೊರಡಿ. ಫಿಟ್ಸ್ ಬಂದಾಗ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ.

ಇನ್ನು ಅಮ್ಮನ ಮಾತ್ರೆ. ಅವರ ಸಂಕಟ ಅರ್ಥವಾಗುತ್ತದೆ, ಆದರೆ ಇದೊಂದು ವಿಷಯದಲ್ಲಿ ನನ್ನದು ಖಡಾಖಂಡಿತವಾದ ಬೇಡ. ಹೀಗೆ ಗುಟ್ಟಾಗಿ ಬೆರೆಸುವ ಮಾತ್ರೆ ಹೆಚ್ಚಾಗಿ ಡೈಸಲ್ಫಿರಾಮ್ ಆಗಿರುತ್ತದೆ, ಇಲ್ಲವೇ ಒಳಗೆ ಏನಿದೆ ಎಂದು ಮಾರುವವನಿಗೂ ಗೊತ್ತಿಲ್ಲದ ಪುಡಿ. ಡೈಸಲ್ಫಿರಾಮ್‌ನ ಕಥೆ ಕೇಳಿ. 1940ರ ದಶಕದಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು, ಜೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್ಸೆನ್, ಇದನ್ನು ಜಂತುಹುಳದ ಔಷಧಿಯಾಗಿ ಬಳಸಬಹುದೇ ಎಂದು ನೋಡುತ್ತಿದ್ದರು. ತಾವೇ ನುಂಗಿ ಪರೀಕ್ಷೆ ಮಾಡಿಕೊಂಡರು. ಆಮೇಲೆ ಮದ್ಯ ಕುಡಿದಾಗಲೆಲ್ಲ ಮುಖ ಕೆಂಪೇರಿ, ಹೊಟ್ಟೆ ತೊಳಸಿ, ಒದ್ದಾಡಿದರು. ಮದ್ಯ ದೇಹದಲ್ಲಿ ಕರಗುವಾಗ ನಡುವೆ ಅಸೆಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಅದು ಮುಂದೆ ಕರಗಿಹೋಗದಂತೆ ಈ ಮಾತ್ರೆ ತಡೆಯುತ್ತದೆ, ಹಾಗಾಗಿ ಈ ಅವಸ್ಥೆ. ಗೊತ್ತಿದ್ದು ನುಂಗಿದವನಿಗೆ ಅದೇ ಒಂದು ಕಾವಲು: ಬೆಳಿಗ್ಗೆ ಮಾತ್ರೆ ತಗೊಂಡೆ, ಇವತ್ತು ಕುಡಿಯುವ ಹಾಗಿಲ್ಲ, ಮುಗೀತು. ಗೊತ್ತಿಲ್ಲದೆ ನುಂಗಿದವನು ಎಂದಿನಂತೆ ಕುಡಿಯುತ್ತಾನೆ. ಬಿಪಿ ಕುಸಿದು, ಹೃದಯದ ಬಡಿತ ತಪ್ಪಿ, ಪ್ರಾಣಕ್ಕೇ ಸಂಚಕಾರ ಬರಬಹುದು. ನಿಲ್ಲಿಸಿದ ಮೇಲೂ ಇದರ ಪರಿಣಾಮ ಎರಡು ವಾರದವರೆಗೆ ಉಳಿಯಬಹುದು. ಲಿವರ್, ಹೃದಯ ನೋಡದೆ ಡಾಕ್ಟರೇ ಇದನ್ನು ಕೊಡುವುದಿಲ್ಲ. ಪ್ರಾಣದ ಮಾತು ಬದಿಗಿಟ್ಟರೂ, ಒಂದಲ್ಲ ಒಂದು ದಿನ ಈ ಗುಟ್ಟು ಹೊರಗೆ ಬರುತ್ತದೆ. ಅಮ್ಮ ಕೈಯಾರೆ ಬಡಿಸಿದ ಊಟವನ್ನೂ ಅನುಮಾನದಿಂದ ನೋಡುವ ಹಾಗೆ ಆದಮೇಲೆ ಅವರು ಯಾರ ಸಹಾಯ ಕೇಳಬೇಕು?

ಮಾತ್ರೆಗಳಲ್ಲಿ ಬೇರೆ ದಾರಿಗಳೂ ಇವೆ, ಡಾಕ್ಟರನ್ನು ಕೇಳಿ. ನಾಲ್ಟ್ರೆಕ್ಸೋನ್ ಕುಡಿದಾಗ ಸಿಗುವ ಖುಷಿಯನ್ನೇ ತಗ್ಗಿಸುತ್ತದೆ. ಅಕಾಂಪ್ರೊಸೇಟ್ ನಿಲ್ಲಿಸಿದವರು ನಿಲ್ಲಿಸಿಯೇ ಇರಲು ನೆರವಾಗುತ್ತದೆ, ಆದರೆ ಕಿಡ್ನಿ ಸರಿಯಿರಬೇಕು. ಇವು ಯಾವುವೂ ಮಂತ್ರದಂಡವಲ್ಲ. ಆದರೂ, ಬೇಕಾದ ಎಷ್ಟೋ ಜನರಿಗೆ ಇವು ಸಿಗುವುದೇ ಇಲ್ಲ, ಕಾರಣ ಮನೆಯವರು "ಒಂದು ಚಟ ಬಿಡಿಸೋಕೆ ಇನ್ನೊಂದು ಚಟವಾ" ಎಂದು ಮೂಗು ಮುರಿಯುತ್ತಾರೆ. ಈ ಎರಡೂ ಮಾತ್ರೆಗಳು ಚಟ ಹಿಡಿಸುವಂಥವಲ್ಲ.

ಮೊದಲ ವಾರ ದಾಟಿದ ಮೇಲೆ ಮನೆಯವರು ಮಾಡುವ ಒಂದು ಲೆಕ್ಕ ಇದೆ: ಆಸ್ಪತ್ರೆಯಿಂದ ಬಂದಾಯಿತು, ಇನ್ನು ಅವನು ಮೊದಲಿನ ಹಾಗಾಗುತ್ತಾನೆ. ಹಾಗಾಗುವುದಿಲ್ಲ. ದೇಹದ ನಡುಕ ನಿಂತಿದೆ, ಅಷ್ಟೇ. ನಿದ್ದೆ ಸರಿಹೋಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಸಣ್ಣಪುಟ್ಟದಕ್ಕೆ ರೇಗುತ್ತಾರೆ, ಯಾವುದರಲ್ಲೂ ರುಚಿಯಿಲ್ಲ ಎನ್ನುತ್ತಾರೆ, ಸಿಹಿ ಜಾಸ್ತಿ ಬೇಕೆನಿಸುತ್ತದೆ, ಕನಸಿನಲ್ಲಿ ಕುಡಿದು ಬೆಚ್ಚಿಬಿದ್ದು ಏಳುತ್ತಾರೆ. "ಇದಕ್ಕಿಂತ ಕುಡೀತಿದ್ದಾಗಲೇ ಚೆನ್ನಾಗಿದ್ದ" ಎಂಬ ಮಾತು ಯಾರ ಬಾಯಿಂದಲಾದರೂ ಬರುವುದು ಈ ಹಂತದಲ್ಲೇ. ತಮಾಷೆಗೂ ಆ ಮಾತು ಬೇಡ, ಅವರ ಕಿವಿಗೆ ಅದು ಪರವಾನಗಿಯಂತೆ ಕೇಳುತ್ತದೆ. ಕುಡಿತದಿಂದಲೇ ಬಂದಿದ್ದ ಬೇಸರ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ತಿಳಿಯಾಗುತ್ತದೆ. ಒಂದು ತಿಂಗಳ ಮೇಲೂ ಮುಖ ಕಪ್ಪಿಟ್ಟೇ ಇದ್ದರೆ ಅದು ಬೇರೆಯೇ ಖಿನ್ನತೆ ಇರಬಹುದು, ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಒಳ್ಳೆಯ ಸುದ್ದಿಯೂ ಇದೆ. ಲಿವರ್‌ನಲ್ಲಿ ಬರೀ ಕೊಬ್ಬು ತುಂಬಿದ್ದರೆ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ, ರಕ್ತ ಪರೀಕ್ಷೆಯಲ್ಲಿ ಜಿಜಿಟಿ ಎಂಬ, ಲಿವರ್‌ನ ಸ್ಥಿತಿ ಹೇಳುವ ಅಂಶ ಕೆಳಗೆ ಬರುವುದು ಕಣ್ಣಿಗೆ ಕಾಣುತ್ತದೆ. ಆ ರಿಪೋರ್ಟನ್ನು ಅವರ ಕೈಗೇ ಕೊಡಿ. ನೂರು ಬುದ್ಧಿಮಾತು ಮಾಡದ ಕೆಲಸವನ್ನು ಆ ಒಂದು ಸಂಖ್ಯೆ ಮಾಡುವುದನ್ನು ನೋಡಿದ್ದೇನೆ.

ಈಗ ನಿಮ್ಮ ಬ್ಯಾಗ್ ಹುಡುಕಾಟಕ್ಕೆ ಬರೋಣ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಮನೆಗಳು ಸೋಲುವುದು ಇಲ್ಲೇ. ನೀವು ಹುಡುಕುತ್ತೀರಿ. ಸಿಕ್ಕರೆ ಜಗಳ, ಸಿಗದಿದ್ದರೆ "ಎಲ್ಲಿ ಬಚ್ಚಿಟ್ಟಿದ್ದಾನೋ" ಎಂಬ ಅನುಮಾನ. ಎರಡರಲ್ಲೂ ನಿಮಗೆ ನೆಮ್ಮದಿಯಿಲ್ಲ. ಅವರಿಗೋ, ನಿಮ್ಮ ಕಣ್ಣು ತಪ್ಪಿಸುವುದೇ ಒಂದು ಆಟವಾಗಿಬಿಡುತ್ತದೆ. ಕುಡಿಯದ ದಿನವೂ ಬಾಯಿ ಮೂಸಿ ನೋಡಿಸಿಕೊಳ್ಳಬೇಕಾದವನಿಗೆ ಕುಡಿಯದೇ ಇದ್ದು ಸಿಕ್ಕ ಲಾಭವಾದರೂ ಏನು? ಹುಡುಕಬೇಡಿ ಎಂದರೆ ಕಣ್ಣು ಮುಚ್ಚಿಕೊಳ್ಳಿ ಅಂತ ಅರ್ಥವಲ್ಲ. ದಿನಕ್ಕೆ ಒಂದು ಸಲ, ಒಂದು ಗೊತ್ತಾದ ಹೊತ್ತಿನಲ್ಲಿ, ಎದುರೆದುರು ಮಾತಾಡಿ ಮುಗಿಸಿ. ಟಿಮೊಥಿ ಒ'ಫ್ಯಾರೆಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ದಂಪತಿಗಳಿಗೆಂದು ಬೆಳೆಸಿದ ಚಿಕಿತ್ಸೆಯಲ್ಲಿ ಇಂಥದ್ದೊಂದು ಸಣ್ಣ ಅಭ್ಯಾಸವಿದೆ, ಅಕ್ಕ ತಮ್ಮನಿಗೂ ಅದು ಹೊಂದುತ್ತದೆ. ಅವರು ಹೇಳಬೇಕಾದದ್ದು ಇಷ್ಟೇ: "ನಿನ್ನೆಯಿಂದ ಇವತ್ತಿನವರೆಗೆ ಕುಡಿದಿಲ್ಲ. ನಾಳೆ ಇದೇ ಹೊತ್ತಿನವರೆಗೂ ಕುಡಿಯಲ್ಲ. ಜೊತೆಗಿರೋದಕ್ಕೆ ಥ್ಯಾಂಕ್ಸ್ ಅಕ್ಕ." ನೀವು ಹೇಳಬೇಕಾದದ್ದು: "ಇವತ್ತು ಕುಡಿಯದೇ ಇದ್ದೆಯಲ್ಲ, ಥ್ಯಾಂಕ್ಸ್ ಕಣೋ." ಡಾಕ್ಟರ್ ಮಾತ್ರೆ ಕೊಟ್ಟಿದ್ದರೆ ಆಗಲೇ ನಿಮ್ಮೆದುರು ನುಂಗುವುದು, ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕುವುದು. ಮುಗಿಯಿತು. ಉಳಿದ ಹೊತ್ತಿನಲ್ಲಿ ನೀವು ಕುಡಿತದ ಮಾತೆತ್ತುವ ಹಾಗಿಲ್ಲ, ಹಳೆಯದನ್ನು ಕೆದಕುವ ಹಾಗಿಲ್ಲ, ಮುಂದೆ ಕುಡಿದುಬಿಟ್ಟರೆ ಎಂದು ಹೆದರಿಸುವ ಹಾಗಿಲ್ಲ. ಮೊದಲ ದಿನ ಇಬ್ಬರಿಗೂ ನಾಟಕದ ಡೈಲಾಗ್ ಒಪ್ಪಿಸಿದ ಹಾಗೆ ಅನಿಸುತ್ತದೆ, ನಗು ಬರುತ್ತದೆ. ನಕ್ಕುಬಿಡಿ, ಆದರೆ ಬಿಡಬೇಡಿ. ನೀವು ಬೇರೆ ಮನೆಯಲ್ಲಿರುವುದರಿಂದ ವಿಡಿಯೋ ಕಾಲ್‌ನಲ್ಲೂ ಆಗುತ್ತದೆ. ನಾಳೆವರೆಗೆ ಎಂದು ಹೇಳಿಸುವುದರಲ್ಲೇ ವಿಷಯ ಇರುವುದು. ಇನ್ನು ಜನ್ಮದಲ್ಲಿ ಮುಟ್ಟಲ್ಲ ಅಂತ ಆಣೆ ಹಾಕಿಸಿಕೊಳ್ಳಬೇಡಿ, ಅಮ್ಮನ ತಲೆ ಮುಟ್ಟಿಸಬೇಡಿ. ಆಣೆ ಮುರಿದ ದಿನ ಕುಡಿತದ ಜೊತೆ ಪಾಪಪ್ರಜ್ಞೆಯೂ ಸೇರಿ, ಅದನ್ನು ಮರೆಯಲು ಇನ್ನಷ್ಟು ಕುಡಿಯುತ್ತಾರೆ.

ಮಾತಾಡುವ ಹೊತ್ತೂ ಮುಖ್ಯ. ಕುಡಿದು ಬಂದಾಗ ಒಂದಕ್ಷರ ಬುದ್ಧಿ ಹೇಳಬೇಡಿ. ಆಗ ಹೇಳಿದ್ದು ಅವರಿಗೆ ಬೆಳಿಗ್ಗೆ ನೆನಪಿರದೇ ಹೋಗಬಹುದು, ಆದರೆ ಅವರು ಆಡಿದ್ದು ನಿಮಗೆ ಸಾಯುವತನಕ ನೆನಪಿರುತ್ತದೆ. ಮಾರನೇ ದಿನ, ಊಟ ಆಗಿ ಸಮಾಧಾನವಾಗಿದ್ದಾಗ, ಬೇರೆ ಯಾರೂ ಇಲ್ಲದಾಗ ಹೇಳಿ. "ನೀನು ಯಾವತ್ತೂ ಹೀಗೇ, ಮನೆ ಮರ್ಯಾದೆ ತೆಗೆದೆ" ಎಂದು ಶುರು ಮಾಡಿದರೆ ಅವರು ಕಿವಿ ಮುಚ್ಚಿಕೊಳ್ಳುತ್ತಾರೆ. "ನಿನ್ನೆ ರಾತ್ರಿ ಹನ್ನೊಂದಾದರೂ ಫೋನ್ ಎತ್ತಲಿಲ್ಲ, ನನಗೆ ಆಕ್ಸಿಡೆಂಟ್ ಆಯ್ತೇನೋ ಅಂತ ಭಯ ಆಯ್ತು, ಮುಂದಿನ ಸಲ ಒಂದು ಮೆಸೇಜ್ ಹಾಕು" ಎಂದರೆ ನಡೆದದ್ದೇನು, ನಿಮಗೆ ಆದದ್ದೇನು, ಬೇಕಾದದ್ದೇನು, ಮೂರೂ ಅದರಲ್ಲಿವೆ. ಬೈಗುಳ ಇಲ್ಲ. ಪ್ರತಿ ಸಲ ಹೀಗೆ ತೂಕ ಮಾಡಿ ಮಾತಾಡಲು ಯಾರಿಂದಲೂ ಆಗುವುದಿಲ್ಲ, ಒಮ್ಮೊಮ್ಮೆ ನೀವೂ ಕಿರುಚುತ್ತೀರಿ. ಪರವಾಗಿಲ್ಲ.

ಸಾಲದ ವಿಷಯ. ಮೂರನೇ ಸಲ ತೀರಿಸಬೇಡಿ. ನಿಮ್ಮದು ಪ್ರೀತಿಯೇ, ಅನುಮಾನವಿಲ್ಲ. ಆದರೆ ಕುಡಿತದ ಖರ್ಚು ಅವರಿಗೆ ತಟ್ಟದ ಹಾಗೆ ನಡುವೆ ನಿಂತು ಆ ಪೆಟ್ಟನ್ನು ನೀವು ತಿನ್ನುತ್ತಿದ್ದೀರಿ. ಆಫೀಸಿಗೆ ಫೋನ್ ಮಾಡಿ "ಅವನಿಗೆ ಜ್ವರ" ಎನ್ನುವುದೂ ಅದೇ. ಇವನ್ನು ನಿಲ್ಲಿಸುವಾಗ ಶಿಕ್ಷೆ ಕೊಡುವವರ ಧಾಟಿ ಬೇಡ, ಮೊದಲೇ ತಿಳಿಸಿ ನಿಲ್ಲಿಸಿ: "ನಿನ್ನ ಚಿಕಿತ್ಸೆಗೆ ಬೇಕಾದರೆ ನಾನಿದ್ದೀನಿ, ಸಾಲಕ್ಕೆ ಮಾತ್ರ ಕೇಳಬೇಡ." ಆದರೆ ಜೀವಕ್ಕೆ ಕುತ್ತು ಬರುವ ಕಡೆ ಈ ನಿಯಮ ಇಲ್ಲ. ಕುಡಿದು ಗಾಡಿ ಹತ್ತುತ್ತಿದ್ದರೆ ಕೀ ಕಿತ್ತುಕೊಳ್ಳಿ. ಎಚ್ಚರವಿಲ್ಲದೆ ಬಿದ್ದಿದ್ದರೆ ಪಕ್ಕಕ್ಕೆ ಹೊರಳಿಸಿ, ಉಸಿರು ನೋಡಿ, ಎಬ್ಬಿಸಿದರೂ ಏಳದಿದ್ದರೆ ಆಸ್ಪತ್ರೆಗೆ ಸಾಗಿಸಿ. ಕೈ ಎತ್ತುವ ಮಟ್ಟಕ್ಕೆ ಹೋದರೆ ಅಪ್ಪ ಅಮ್ಮನನ್ನು ಕರೆದುಕೊಂಡು ಅಲ್ಲಿಂದ ಹೊರಬನ್ನಿ, ಸಮಾಧಾನದ ಮಾತೆಲ್ಲ ಆಮೇಲೆ.

ಇದರ ಇನ್ನೊಂದು ಮುಖವನ್ನು ಜನ ಮರೆಯುತ್ತಾರೆ. ಕುಡಿಯದ ಹೊತ್ತು ಅವರಿಗೆ ಹಿತವಾಗಿರಬೇಕು. ಕುಡಿದಾಗ ಮನೆಯವರೆಲ್ಲ ಸುತ್ತ ಸೇರುತ್ತಾರೆ, ಅಳುತ್ತಾರೆ, ಕಾಲು ಹಿಡಿಯುತ್ತಾರೆ. ಕುಡಿಯದ ದಿನ ಎಲ್ಲರೂ ತಂತಮ್ಮ ಫೋನಿನಲ್ಲಿ. ಇದನ್ನು ತಿರುಗಿಸಿ. ಕುಡಿದಾಗ ಗಲಾಟೆ ಮಾಡದೆ ದೂರ ಸರಿಯಿರಿ, ಕುಡಿಯದಿದ್ದಾಗ ಹತ್ತಿರ ಹೋಗಿ. ಮಕ್ಕಳಿದ್ದರೆ ಮಾವನ ಜೊತೆ ಆಡಲು ಬಿಡಿ, ಅವರಿಗೆ ಇಷ್ಟದ ಕೆಲಸಕ್ಕೆ ಜೊತೆಯಾಗಿ. ಕ್ರಾಫ್ಟ್ ಎಂದು ಕರೆಯುವ, ಮನೆಯವರಿಗಾಗಿಯೇ ಇರುವ ತರಬೇತಿಯ ತಿರುಳು ಇದು. ರಾಬರ್ಟ್ ಮೇಯರ್ಸ್ ಎಂಬುವರು ಬೆಳೆಸಿದ್ದು. ಚಿಕಿತ್ಸೆಗೆ ಸುತಾರಾಂ ಒಪ್ಪದವರ 130 ಮನೆಯವರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೀಗೆ ತರಬೇತಿ ಪಡೆದ ಮನೆಗಳಲ್ಲಿ ನೂರಕ್ಕೆ 64 ಕಡೆ ಕುಡಿಯುವವರು ಚಿಕಿತ್ಸೆಗೆ ಬಂದರು. ಎಲ್ಲರೂ ಒಟ್ಟಾಗಿ ಕೂರಿಸಿ ತರಾಟೆಗೆ ತೆಗೆದುಕೊಳ್ಳುವ ವಿಧಾನದಲ್ಲಿ ಬಂದದ್ದು 30. ನಿಮ್ಮ ತಮ್ಮ ತಾನಾಗಿಯೇ ಬಂದಿದ್ದಾರೆ, ಅಂದರೆ ನೀವು ಅವರಿಗಿಂತ ಎಷ್ಟೋ ಮುಂದಿದ್ದೀರಿ.

ಚಿಕಿತ್ಸೆ ಶುರುವಾದ ದಿನದಿಂದ ಮನೆಯಲ್ಲಿ ಮದ್ಯ ಇರಬಾರದು, ಬಂದವರಿಗೆಂದು ಎತ್ತಿಟ್ಟದ್ದೂ ಬೇಡ. ಆಸೆ ಉಕ್ಕಿ ಬರುವುದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ, ಆ ಅರ್ಧ ಗಂಟೆ ದಾಟಿಸಿದರೆ ಸಾಕು. ಆಗ ಉಪದೇಶ ಬೇಡ, ಕೈಗೊಂದು ಕೆಲಸ ಕೊಡಿ, ಒಂದು ಸುತ್ತು ನಡೆದು ಬನ್ನಿ, ಹೊಟ್ಟೆ ಹಸಿದಿದೆಯಾ ಕೇಳಿ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಒಂದು ಹೆಚ್ಚಾಗಿ ಅದರ ಹಿಂದೆ ಇರುತ್ತದೆ. ಸಂಬಳದ ದಿನ, ಮದುವೆ ಮನೆ, ಹಳೆ ಸ್ನೇಹಿತರ ಫೋನು, ಇವುಗಳ ಪಟ್ಟಿಯನ್ನು ಅವರೇ ಮಾಡಲಿ. ಸಂಬಳ ಕೆಲವು ತಿಂಗಳು ನಿಮ್ಮ ಕೈಗೆ ಕೊಡುವ ಮಾತು ಅವರ ಬಾಯಿಂದ ಬಂದರೆ ಒಪ್ಪಿಕೊಳ್ಳಿ, ನೀವಾಗಿ ಕಿತ್ತುಕೊಳ್ಳಬೇಡಿ.

ಕುಡಿದುಬಿಟ್ಟರೆ? ಮೊದಲ ಮೂರು ತಿಂಗಳಲ್ಲಿ ಜಾರುವವರು ಬಹಳ. ಆಗ ಅವರ ತಲೆಯಲ್ಲಿ ಓಡುವುದು ಮುಳುಗಿದವನಿಗೆ ಚಳಿಯೇನು ಮಳೆಯೇನು ಎಂಬ ಲೆಕ್ಕ. ಒಂದು ಪೆಗ್ ಆಯ್ತು, ಎಲ್ಲ ಹಾಳಾಯ್ತು, ಇನ್ನು ಪೂರ್ತಿ ಕುಡಿಯೋಣ. ನೀವು ಅಳುತ್ತಾ "ಎಲ್ಲ ನೀರಲ್ಲಿ ಹೋಮ" ಎಂದರೆ ಅದೇ ಲೆಕ್ಕಕ್ಕೆ ಸಹಿ ಹಾಕಿದಂತೆ. ಕುಡಿಯದೆ ಕಳೆದ ನಲವತ್ತು ದಿನ ಎಲ್ಲೂ ಹೋಗಿಲ್ಲ, ಕ್ಯಾಲೆಂಡರಿನಲ್ಲಿ ಹಾಗೇ ಇದೆ. ಮಾರನೇ ದಿನ ಕೂತು ಕೇಳಿ: ಎಲ್ಲಿ, ಯಾರ ಜೊತೆ, ಅದಕ್ಕೆ ಒಂದು ಗಂಟೆ ಮೊದಲು ಏನಾಗಿತ್ತು? ಪೊಲೀಸರ ಥರ ಬೇಡ, ತಿಳಿದುಕೊಳ್ಳುವ ಹಾಗೆ. ಎಷ್ಟು ದಿನ, ಎಷ್ಟು ಕುಡಿದರು ನೋಡಿ. ಹಲವು ದಿನ ಮುಂದುವರಿದಿದ್ದರೆ ಮತ್ತೆ ಮನೆಯಲ್ಲಿ ನಿಲ್ಲಿಸುವ ಸಾಹಸ ಬೇಡ, ಡಾಕ್ಟರಿಗೆ ಫೋನ್ ಮಾಡಿ. ಬಿಟ್ಟು ಕೆಲವು ವಾರವಾದ ದೇಹಕ್ಕೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಇರುವುದಿಲ್ಲ, ಅದೂ ಅವರಿಗೆ ಮೊದಲೇ ಗೊತ್ತಿರಲಿ. ಆರು ತಿಂಗಳು ಚೆನ್ನಾಗಿ ಹೋದಮೇಲೆ "ಈಗ ಕಂಟ್ರೋಲ್ ಇದೆ, ವಾರಕ್ಕೊಂದು ಸಲ ಪರವಾಗಿಲ್ಲ ಅಲ್ವಾ" ಎಂಬ ಪ್ರಶ್ನೆ ಬಂದೇ ಬರುತ್ತದೆ. ಫಿಟ್ಸ್ ಬರುವಷ್ಟು ಒಗ್ಗಿಹೋಗಿದ್ದ ದೇಹಕ್ಕೆ ನನ್ನ ಉತ್ತರ: ಇಲ್ಲ, ಒಂದು ತೊಟ್ಟೂ ಬೇಡ. ಆದರೆ ಈ ವಾದಕ್ಕೆ ನೀವು ಇಳಿಯಬೇಡಿ, "ಡಾಕ್ಟರ್ ಹತ್ತಿರ ಕೇಳು" ಎಂದು ನಮ್ಮ ಮೇಲೆ ಹಾಕಿ.

ಇದನ್ನೆಲ್ಲ ನೀವೊಬ್ಬರೇ ಹೊರಬೇಡಿ. ಅವರಿಗೆ ಆಲ್ಕೊಹಾಲಿಕ್ಸ್ ಅನಾನಿಮಸ್ ಇದೆ, 1935ರಲ್ಲಿ ಇಬ್ಬರು ಕುಡಿಯುವವರೇ ಶುರು ಮಾಡಿದ ಕೂಟ, ಕಾಸು ಕೊಡಬೇಕಾಗಿಲ್ಲ. ಆ ಕೂಟಕ್ಕೆ ಹೋಗಿ ಬಂದವರ ಮಾತು ನಮ್ಮ ಮಾತಿಗಿಂತ ಬೇಗ ತಾಗುತ್ತದೆ, ಎಷ್ಟಾದರೂ ಅವರು ಅದೇ ನೀರು ಕುಡಿದವರು. ನಿಮ್ಮಂಥ ಮನೆಯವರಿಗೆ ಅಲ್-ಅನಾನ್ ಇದೆ, 1951ರಿಂದ. ಅಲ್ಲಿ ಹೇಳುವ ಮಾತು ನನಗೆ ಇಷ್ಟ: ಇದಕ್ಕೆ ನಾನು ಕಾರಣಳಲ್ಲ, ಇದು ನನ್ನ ಹಿಡಿತದಲ್ಲಿಲ್ಲ, ಇದನ್ನು ನಾನು ವಾಸಿ ಮಾಡಲಾರೆ. ತಮ್ಮ ಕುಡಿಯಲಿ ಬಿಡಲಿ, ನೀವು ಅಲ್ಲಿಗೆ ಹೋಗಬಹುದು. ನಿಮ್ಮ ನಿದ್ದೆ, ನಿಮ್ಮ ಗಂಡ ಮಕ್ಕಳ ಜೊತೆಗಿನ ಸಂಜೆ, ಇವನ್ನು ಅವರ ಕ್ಯಾಲೆಂಡರಿಗೆ ಕಟ್ಟಿಹಾಕಬೇಡಿ. ರಾತ್ರಿ ಹತ್ತರ ಮೇಲೆ ಎಮರ್ಜೆನ್ಸಿ ಬಿಟ್ಟು ಬೇರೆ ಯಾವುದಕ್ಕೂ ಫೋನ್ ಬೇಡ ಎಂದು ಹೇಳುವ ಹಕ್ಕು ನಿಮಗಿದೆ.

ಅಪ್ಪನ ಮೌನವನ್ನು ನೀವು ಮುರಿಯಲು ಹೋಗಬೇಡಿ, ಕೈ ಕೈ ಹಿಡಿಸಿ ರಾಜಿ ಮಾಡಿಸುವ ಪ್ರಯತ್ನವೂ ಬೇಡ. ಅವರ ನೋವಿಗೂ ಕಾರಣ ಇದೆ, ಅದಕ್ಕೂ ಸಮಯ ಬೇಕು. ಮಾತಿಲ್ಲದೆ ಮಾಡಬಹುದಾದ ಒಂದು ಕೆಲಸ ಕೊಡಿ. ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ಬಂದು ಹೊರಗೆ ಬೆಂಚಿನ ಮೇಲೆ ಕೂತರೂ ಸಾಕು. ಹೋಗುವಾಗ ತಮ್ಮ ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಯ ಸಲ ಕುಡಿದದ್ದು ಯಾವಾಗ, ಫಿಟ್ಸ್ ಬಂದದ್ದು ಯಾವಾಗ, ಬೇರೆ ಏನೇನು ಮಾತ್ರೆ ತೆಗೆದುಕೊಳ್ಳುತ್ತಾರೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಷ್ಟು ಕುಡಿಯುತ್ತಾರೆ ಎಂಬುದನ್ನು ಅವರೇ ಬರೆಯಲಿ, ನೀವು ತಿದ್ದಬೇಡಿ. ಅಪ್ಪನನ್ನು ಈ ಸಲವೇ ಕರೆಯಿರಿ. ಬರಲ್ಲ ಅಂದರೆ ಬಿಡಿ, ಮುಂದಿನ ಭೇಟಿಗೆ ಮತ್ತೆ ಕರೆಯಿರಿ.